ಆರು ಫ್ಲ್ಯಾಟ್‌ಗಳ ಸೊನಾಟಾ: ಜಾರ್ಜ್ ಫ್ರೆಡರಿಕ್ ಪಿಂಟೊ

ಪಿಯಾನೊ ಸಂಗೀತದ ಚರಿತ್ರೆಯನ್ನು ಹೇಡನ್, ಮೊಜಾರ್ಟ್, ಬೆತೋವನ್ ಎಂಬ ವಿಯೆನ್ನಾದ ಹೆದ್ದಾರಿಯಲ್ಲೇ ಓದಿಕೊಂಡು ಬಂದವರನ್ನು 1801ರ ಸುಮಾರಿಗೆ ಲಂಡನ್ನಿನಲ್ಲಿ ಅಚ್ಚಾದ ಎರಡು ಗ್ರ್ಯಾಂಡ್ ಸೊನಾಟಾಗಳ ಪೈಕಿ ಮೊದಲನೆಯದು ತಡೆದು ನಿಲ್ಲಿಸುತ್ತದೆ. ಅದನ್ನು ರಚಿಸಿದ ಜಾರ್ಜ್ ಫ್ರೆಡರಿಕ್ ಪಿಂಟೊನಿಗೆ ಆಗ ಹದಿನಾರರ ಆಸುಪಾಸಿನ ವಯಸ್ಸು. ಮೇಲಾಗಿ, ಆ ಕಾಲದ ಲಂಡನ್ನಿಗೆ ಅವನು ಪರಿಚಿತನಾಗಿದ್ದದ್ದು ಮೊದಲಿಗೆ ಪಿಯಾನೊ ವಾದಕನಾಗಿ ಅಲ್ಲ, ಪಿಟೀಲು ವಾದಕನಾಗಿ. ಸ್ವರಲಿಪಿಯ ಮೊದಲ ಪುಟ ತೆರೆದೊಡನೆ ಕಣ್ಣಿಗೆ ಬೀಳುವುದು ಪ್ರತಿ ಸಾಲಿನ ಆರಂಭದಲ್ಲಿ ಒತ್ತೊತ್ತಾಗಿ ನಿಂತ ಆರು ಫ್ಲ್ಯಾಟ್ ಗುರುತುಗಳು. ಸ್ವರವನ್ನು ಅರ್ಧ ಮೆಟ್ಟಿಲು ಕೆಳಗಿಳಿಸುವ ಈ ಗುರುತು ಆರು ಬಾರಿ ಬಂದಿರುವ ಈ ಕೃತಿಯ ಸ್ವರಶ್ರೇಣಿ ಇ-ಫ್ಲ್ಯಾಟ್ ಮೈನರ್.

ಈ ಶ್ರೇಣಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಕರ್ನಾಟಕ ಸಂಗೀತದವರು ಎರಡೂವರೆ ಮನೆ ಎಂದು ಕರೆಯುವ ಶ್ರುತಿಯನ್ನು ಷಡ್ಜವಾಗಿಟ್ಟುಕೊಂಡು ನಠಭೈರವಿ ಮೇಳವನ್ನು ನುಡಿಸಿದರೆ ದೊರೆಯುವ ಸ್ವರಗಳೇ ಇವು. ನಿಷಾದವನ್ನು ಕಾಕಲಿಯಾಗಿ ಏರಿಸಿದರೆ ಕೀರವಾಣಿಯ ಸ್ವರಗಳಾಗುತ್ತವೆ, ಮೈನರ್ ಶ್ರೇಣಿಯ ಕೃತಿಗಳಲ್ಲಿ ಆ ಏರಿಕೆ ಮತ್ತೆ ಮತ್ತೆ ಬರುತ್ತದೆ. ನಠಭೈರವಿಯ ಏಳು ಸ್ವರಗಳಲ್ಲಿ ಐದು ಪಿಯಾನೊದ ಕಪ್ಪು ಮನೆಗಳ ಮೇಲೆ ಬೀಳುವುದರಿಂದ ಕೈಯನ್ನು ಮಣೆಯ ಒಳಭಾಗಕ್ಕೆ ಸರಿಸಿಕೊಂಡು, ಚಿಕ್ಕದಾದ ಹೆಬ್ಬೆರಳಿಗೆ ಬಿಳಿ ಮನೆಯ ಇಕ್ಕಟ್ಟಾದ ಜಾಗವನ್ನು ಹುಡುಕಿಕೊಂಡು ನುಡಿಸಬೇಕಾಗುತ್ತದೆ. ಬೆತೋವನ್ನನ ಮೂವತ್ತೆರಡು ಪಿಯಾನೊ ಸೊನಾಟಾಗಳಲ್ಲಿ ಒಂದೂ ಈ ಶ್ರೇಣಿಯಲ್ಲಿಲ್ಲ, ಮೊಜಾರ್ಟನ ಪಿಯಾನೊ ಸೊನಾಟಾಗಳಲ್ಲೂ ಇಲ್ಲ. ಹೇಡನ್ ತನ್ನ ಎರಡನೆಯ ಲಂಡನ್ ವಾಸದ ಕಾಲದಲ್ಲಿ ಇದೇ ಶ್ರೇಣಿಯಲ್ಲಿ ಒಂದು ಪಿಯಾನೊ ಟ್ರಯೊ ರಚಿಸಿದ್ದು ನಿಜ, ಆದರೆ ಅದು ಅಚ್ಚಾದದ್ದು 1803ರಲ್ಲಿ. ಶೋಪ್ಯಾಂ ತನ್ನ ಹತ್ತನೆಯ ಕೃತಿಸಂಖ್ಯೆಯ ಆರನೆಯ ಎಟ್ಯೂಡನ್ನು ಈ ಶ್ರೇಣಿಗೆ ಒಪ್ಪಿಸುವ ಹೊತ್ತಿಗೆ ಪಿಂಟೊ ತೀರಿಕೊಂಡು ಕಾಲು ಶತಮಾನವೇ ಆಗಿತ್ತು.

ಹಾಗಾದರೆ ಹುಡುಗನಿಗೆ ಈ ಧೈರ್ಯ ಎಲ್ಲಿಂದ ಬಂತು? ಒಂದು ಸುಳಿವು ಸ್ಯಾಮ್ಯುಯೆಲ್ ವೆಸ್ಲಿಯ ನೆನಪುಗಳಲ್ಲಿದೆ. 1810ರಿಂದ ಮುಂದಕ್ಕೆ ಹಾರ್ನ್ ಎಂಬವನ ಜೊತೆಗೂಡಿ ಬಾಖ್‌ನ ನಲವತ್ತೆಂಟು ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳನ್ನು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿದ ಈ ಆರ್ಗನ್ ವಾದಕ, ಬಾಖ್‌ನನ್ನು ತನಗೆ ತೋರಿಸಿಕೊಟ್ಟವನು ಪಿಂಟೊ ಎಂದು ಬರೆದಿದ್ದಾನೆ. ಆ ಸಂಕಲನದ ಮೊದಲ ಭಾಗದ ಎಂಟನೆಯ ಪ್ರೆಲ್ಯೂಡ್ ಇರುವುದು ಇದೇ ಇ-ಫ್ಲ್ಯಾಟ್ ಮೈನರಿನಲ್ಲಿ. ಸ್ವಾರಸ್ಯವೆಂದರೆ, ಅದರ ಜೋಡಿ ಫ್ಯೂಗನ್ನು ಬಾಖ್ ಅದೇ ಮನೆಗಳ ಮೇಲೆ ಬೀಳುವ ಡಿ-ಶಾರ್ಪ್ ಮೈನರ್ ಆಗಿ ಬರೆದಿಟ್ಟಿದ್ದಾನೆ. ಸೊನಾಟಾ ಬರೆಯುವ ಮೊದಲೇ ಪಿಂಟೊ ಈ ಪ್ರೆಲ್ಯೂಡನ್ನು ನುಡಿಸಿದ್ದನೆಂಬುದು ಊಹೆಯೇ ಆದರೂ, ಬಾಖ್‌ನ ಹೆಸರು ಲಂಡನ್ನಿನಲ್ಲಿ ಇನ್ನೂ ಕೆಲವೇ ಸಂಗೀತಗಾರರ ಸೊತ್ತಾಗಿದ್ದ ಕಾಲಕ್ಕೆ ಇದಕ್ಕಿಂತ ಒಪ್ಪುವ ಊಹೆ ಸಿಗುವುದು ಕಷ್ಟ.

ಎರಡನೆಯ ಕಾರಣ ವಾದ್ಯದಲ್ಲೇ ಇದೆ. ಆ ಕಾಲದ ವಿಯೆನ್ನಾದ ಪಿಯಾನೊಗಳ ಮನೆಗಳು ಹಗುರ, ಬೆರಳೆತ್ತಿದೊಡನೆ ನಾದ ನಿಂತುಬಿಡುತ್ತದೆ. ಬ್ರಾಡ್‌ವುಡ್‌ನಂಥ ಲಂಡನ್ ತಯಾರಕರ ಪಿಯಾನೊಗಳ ಮನೆಗಳು ಆಳಕ್ಕೆ ಒತ್ತುವಂಥವು, ಅವುಗಳ ನಾದ ದಪ್ಪ, ಬೆರಳೆತ್ತಿದ ಮೇಲೂ ತಂತಿಯ ಗುಂಗು ಸ್ವಲ್ಪ ಹೊತ್ತು ಉಳಿಯುತ್ತದೆ. ಕ್ಲೆಮೆಂಟಿ, ಡುಸೆಕ್, ಕ್ರಾಮರ್ ಮೊದಲಾದವರು ಈ ವಾದ್ಯಗಳ ಮೇಲೆ ಬೆಳೆಸಿದ, ಹಾಡುವಂತೆ ನುಡಿಸುವ ಶೈಲಿಯನ್ನು ಇಂದಿನ ವಿದ್ವಾಂಸರು ಲಂಡನ್ ಪಿಯಾನೊ ಪರಂಪರೆ ಎಂದು ಗುರುತಿಸುತ್ತಾರೆ, ಪಿಂಟೊ ಅದರ ಕಿರಿಯ ಕುಡಿ.

ಅವನ ಬದುಕಿನ ವಿವರಗಳು ಕೆಲವೇ ಸಾಲಿಗೆ ಸಾಕಾಗುವಷ್ಟಿವೆ. 1785ರ ಸೆಪ್ಟೆಂಬರ್ 25ರಂದು ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹುಟ್ಟಿದ ಅವನು ತಂದೆಯ ಮನೆತನದ ಹೆಸರನ್ನು ಬಿಟ್ಟು, ಪಿಟೀಲು ವಾದಕನಾಗಿದ್ದ ತಾಯಿಯ ತಂದೆ ಥಾಮಸ್ ಪಿಂಟೊನ ಹೆಸರನ್ನು ಇಟ್ಟುಕೊಂಡ. ಹೇಡನ್‌ನನ್ನು ಲಂಡನ್ನಿಗೆ ಕರೆತಂದ ಸಾಲೊಮನ್ನನೇ ಅವನ ಪಿಟೀಲು ಗುರು. 1806ರ ಮಾರ್ಚ್ 23ರಂದು, ಇಪ್ಪತ್ತೊಂದು ತುಂಬುವ ಮೊದಲೇ, ಅವನು ತೀರಿಕೊಂಡ. ಸಮಾಜದ ಸೆಳೆತಗಳನ್ನು ಮೀರಿ ಬದುಕಿದ್ದರೆ ಇಂಗ್ಲೆಂಡಿಗೆ ಇನ್ನೊಬ್ಬ ಮೊಜಾರ್ಟ್ ಸಿಗುತ್ತಿದ್ದನೆಂಬ ಅರ್ಥದ ಮಾತನ್ನು ಸಾಲೊಮನ್ ಆಡಿದನೆಂದು ಹೇಳಲಾಗುತ್ತದೆ. ಪಿಂಟೊನ ವಿಷಯ ಬಂದಾಗಲೆಲ್ಲ ಮರುಕಳಿಸುವ ಈ ಮಾತು ಅವನಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ಅದು ಓದುಗರ ಗಮನವನ್ನು ಅವನು ಬರೆಯದೆ ಹೋದ ಸಂಗೀತದ ಕಡೆಗೆ ತಿರುಗಿಸಿತು, ಬರೆದದ್ದು ಧೂಳು ತಿನ್ನುತ್ತಾ ಕುಳಿತಿತು. ಇಂಗ್ಲೆಂಡನ್ನು ಸಂಗೀತವಿಲ್ಲದ ನಾಡೆಂದು ಕರೆದ ಜರ್ಮನ್ ಲೇಖಕ ಆಸ್ಕರ್ ಷ್ಮಿಟ್ಸ್‌ನ ಪುಸ್ತಕ 1914ರಲ್ಲಿ ಬಂದಾಗ ಉತ್ತರವಾಗಿ ಎತ್ತಿ ಹಿಡಿಯಬಹುದಾಗಿದ್ದ ಈ ಪುಟಗಳು ಯಾರ ಕೈಯಲ್ಲೂ ಇರಲಿಲ್ಲ.

ಸಂಗೀತ ಚರಿತ್ರಕಾರ ನಿಕೋಲಸ್ ಟೆಂಪರ್ಲಿ 1965ರಲ್ಲಿ 'ಮ್ಯೂಸಿಕಲ್ ಟೈಮ್ಸ್' ಪತ್ರಿಕೆಯಲ್ಲಿ ಪಿಂಟೊನ ಬಗ್ಗೆ ಬರೆದ ಲೇಖನದಿಂದ ಪರಿಸ್ಥಿತಿ ಬದಲಾಗತೊಡಗಿತು. ಮುಂದೆ ಅವರೇ ಸಂಪಾದಿಸಿದ ಲಂಡನ್ ಪಿಯಾನೊ ಪರಂಪರೆಯ 20 ಸಂಪುಟಗಳು 1980ರ ದಶಕದಲ್ಲಿ ಹೊರಬಂದವು. ಪಿಂಟೊನ ಉಳಿದ ಕೃತಿಗಳ ಪೈಕಿ, ಅವನ ಗೆಳೆಯ ಜಾನ್ ಫೀಲ್ಡ್‌ನಿಗೆ ಅರ್ಪಿತವಾದ ಸಿ ಮೈನರ್ ಸೊನಾಟಾವನ್ನು ಗಮನಿಸಬೇಕು, ಏಕೆಂದರೆ ಮುಂದೆ ನಾಕ್ಟರ್ನ್ ಎಂಬ ಪ್ರಕಾರದ ಜನಕನೆನಿಸಿಕೊಂಡ ಆ ಐರಿಷ್ ವಾದಕನೂ ಇವನೂ ಒಂದೇ ಲಂಡನ್ನಿನಲ್ಲಿ ಬೆಳೆದವರು. ಪಿಂಟೊ ಅರ್ಧಕ್ಕೆ ಬಿಟ್ಟುಹೋದ ಫ್ಯಾಂಟೇಸಿಯಾ ಮತ್ತು ಸೊನಾಟಾವನ್ನು ಜೋಸೆಫ್ ವೋಲ್ಫ್ಲ್ ಪೂರ್ಣಗೊಳಿಸಿದ. ಆದರೆ ಮೊದಲ ಬಾರಿಗೆ ಪಿಂಟೊನ ಹತ್ತಿರ ಹೋಗುವವರು ಇ-ಫ್ಲ್ಯಾಟ್ ಮೈನರ್ ಸೊನಾಟಾದಿಂದಲೇ ಆರಂಭಿಸುವುದು ಒಳ್ಳೆಯದು. ಕಛೇರಿಯಲ್ಲಿ ಅದನ್ನು ಬಾಖ್‌ನ ಎಂಟನೆಯ ಪ್ರೆಲ್ಯೂಡಿನ ಬೆನ್ನಿಗೇ ನುಡಿಸುವ ವಾದಕರು ಮುಂದೆ ಬಂದರೆ, ಈ ಹುಡುಗ ಯಾರಿಂದ ಏನು ಕಲಿತ, ಎಲ್ಲಿ ತನ್ನದೇ ದಾರಿ ಹಿಡಿದ ಎಂಬುದನ್ನು ಕೇಳುಗರು ಕಿವಿಯಿಂದಲೇ ತೀರ್ಮಾನಿಸಬಹುದು.