ಬಹುದೂರ ಓಡಿದ ವಾಹನ

ಹಿಂಭಾಗದವರೆಗೂ ಚಾವಣಿಯನ್ನು ಚಾಚಿ, ಸಾಮಾನು ಹೇರಲು ವಿಶಾಲವಾದ ಸ್ಥಳವನ್ನು ಒದಗಿಸಿರುವ ಕಾರಿಗೆ ಸ್ಟೇಷನ್ ವ್ಯಾಗನ್ ಎಂದು ಹೆಸರು. ಸ್ವೀಡನ್ ದೇಶದ ವೋಲ್ವೋ ಸಂಸ್ಥೆಯು 1974ರಿಂದ 1993ರವರೆಗೆ ತಯಾರಿಸಿದ 240 ಶ್ರೇಣಿಯ ವ್ಯಾಗನ್ನುಗಳು ದೀರ್ಘ ಬಾಳಿಕೆಗೆ ಪ್ರಸಿದ್ಧವಾದವು. ಮೂರು ನಾಲ್ಕು ಲಕ್ಷ ಕಿಲೋಮೀಟರು ಓಡಿದ ಮೇಲೂ ಅವು ಕೈಯಿಂದ ಕೈಗೆ ಮಾರಾಟವಾಗುತ್ತವೆ.

ಹಳೆಯ ವಾಹನವನ್ನು ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು, ಓಡಿದ ದೂರವನ್ನು ತೋರಿಸುವ ದೂರಮಾಪಕವನ್ನು. ಆದರೆ ಅದನ್ನೇ ನೆಚ್ಚುವಂತಿಲ್ಲ. ಈ ವ್ಯಾಗನ್ನಿನ ದೂರಮಾಪಕದಲ್ಲಿರುವ ಪ್ಲಾಸ್ಟಿಕ್ಕಿನ ಪುಟ್ಟ ಹಲ್ಲುಚಕ್ರವು ಹಳತಾದಂತೆ ಮುರಿಯುವುದುಂಟು. ಆಗ ಗಾಲಿಗಳು ಉರುಳುತ್ತಿದ್ದರೂ ಅಂಕಿಗಳು ನಿಂತೇ ಇರುತ್ತವೆ. ಆದುದರಿಂದ ಹಿಂದಿನ ದುರಸ್ತಿಗಳ ರಸೀದಿಗಳನ್ನು ಕೇಳಿ ಪರಿಶೀಲಿಸಬೇಕು.

ಇಂತಹ ವಾಹನದ ಪರಮ ಶತ್ರು ತುಕ್ಕು. ಶೀತದೇಶಗಳಲ್ಲಿ ಹಿಮವನ್ನು ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಅದರ ತಳವನ್ನು ತಿನ್ನುತ್ತದೆ. ಸವೆದ ಬಿಡಿಭಾಗವನ್ನು ಬದಲಾಯಿಸಬಹುದು. ಒಡಲೇ ಶಿಥಿಲವಾದರೆ ಅಪಘಾತದಲ್ಲಿ ಒಳಗಿರುವವರಿಗೆ ರಕ್ಷಣೆ ಎಲ್ಲಿಯದು? ಹೊಳೆಯುವ ಬಣ್ಣಕ್ಕೆ ಮರುಳಾಗದೆ, ಬಾಗಿ ತಳವನ್ನು ನೋಡುವುದೇ ಜಾಣತನ.

ಕೊಂಡ ಮೇಲೆ ಆರೈಕೆಯ ಹೊಣೆ ಹೊಸ ಒಡೆಯನದು. ಎಂಜಿನ್ನಿನ ಎಣ್ಣೆ ಕೊಳೆಯಾದರೆ ಲೋಹದ ಭಾಗಗಳು ಬೇಗ ಸವೆಯುತ್ತವೆ. ಕವಾಟಗಳನ್ನು ನಡೆಸುವ ರಬ್ಬರಿನ ಪಟ್ಟಿ ಹರಿದರೆ ವಾಹನ ನಡುದಾರಿಯಲ್ಲಿ ನಿಲ್ಲುತ್ತದೆ. ಬ್ರೇಕು ಕೆಟ್ಟರೆ ಪ್ರಾಣಕ್ಕೇ ಅಪಾಯ. ಇವನ್ನು ಗೊತ್ತಾದ ಅವಧಿಗೆ ಪರೀಕ್ಷಿಸಿ, ಮಾಡಿದ ಕೆಲಸವನ್ನು ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಬೇಕು. ದೂರಮಾಪಕ ಹೇಳಲಾರದ ಸತ್ಯವನ್ನು ಮುಂದೆ ಕೊಳ್ಳುವವನಿಗೆ ಆ ಪುಸ್ತಕ ಹೇಳುತ್ತದೆ.