ಬಿಲ್ ಎಂಟ್ರಿ ಎಐ ಮಾಡುತ್ತೆ, ಸಹಿ ಹಾಕೋರು ಯಾರು?

ಕೇಳೋಕೆ ಟೈಮ್ ಇಲ್ಲ, ಓದ್ಕೊಳ್ತೀನಿ ಅನ್ನೋರಿಗೆ ಎಂದಿನಂತೆ ಇಲ್ಲಿ ಪೂರ್ತಿ ಬರಹ ರೂಪ ಇದೆ.

ಈ ಸಲ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದನ್ನ ಎರಡು ಸಲ ಕೇಳಿದೆ. ವಿಜಯನಗರದಿಂದ, ಬಿ.ಕಾಂ ಕೊನೇ ವರ್ಷದ ಹುಡುಗಿ. "ಅಕ್ಕಾ, ದೊಡ್ಡ ಕಂಪನಿಗಳೆಲ್ಲ ಎಐ ತರ್ತಾ ಇದಾವೆ. ನಾನು ಟ್ಯಾಲಿ, ಎಕ್ಸೆಲ್ ಕಲಿತು ಏನು ಪ್ರಯೋಜನ?" ಪ್ರಶ್ನೆ ನೇರವಾಗಿದೆ, ಉತ್ತರವೂ ನೇರವಾಗಿರಬೇಕು. ಆದರೆ ಅದಕ್ಕೂ ಮೊದಲು ಒಂದು ದೊಡ್ಡ ಕಂಪನಿಗೆ ಎಐ ಹೇಗೆ ಬರುತ್ತೆ ಅಂತ ನೋಡ್ಬೇಕು. ಸೋಮವಾರ ಬೆಳಿಗ್ಗೆ ರೋಬೋಟ್ ಬಂದು ನಿಮ್ಮ ಕುರ್ಚಿಲಿ ಕೂರಲ್ಲ. ಅದು ಒಂದೊಂದೇ ಟೇಬಲ್‌ಗೆ, ಒಂದೊಂದೇ ಕೆಲಸಕ್ಕೆ ಬರುತ್ತೆ. ಹಾಗಾಗಿ ಇವತ್ತು ಒಂದೇ ಟೇಬಲ್ ತಗೊಳ್ಳೋಣ: ಬಿಲ್ ಪಾಸ್ ಮಾಡೋ ಟೇಬಲ್. ಡಿಗ್ರಿ ಮುಗಿಸಿ ನಾನು ಎರಡು ವರ್ಷ ಕೂತಿದ್ದು ಅಂಥದ್ದೇ ಟೇಬಲ್‌ನಲ್ಲಿ. ಕಂಪನಿಗಳಲ್ಲಿ ಇದನ್ನ ಅಕೌಂಟ್ಸ್ ಪೇಯಬಲ್ ಅಂತಾರೆ.

ಒಂದು ಬಿಲ್ ದಾಟಬೇಕಾದ ಮೂರು ಗೇಟು

ಬಸವೇಶ್ವರನಗರದ ಪಕ್ಕದ ಕಾಮಾಕ್ಷಿಪಾಳ್ಯ ಗೊತ್ತಲ್ವಾ? ಗಲ್ಲಿಗಲ್ಲಿಗೆ ಲೇಥ್ ಮೆಷಿನ್ ಸದ್ದು. ಅಲ್ಲಿನ ಒಂದು ವರ್ಕ್‌ಶಾಪ್ ದೊಡ್ಡ ಕಂಪನಿಯೊಂದಕ್ಕೆ ಬಿಡಿಭಾಗ ಕಳಿಸುತ್ತೆ ಅಂದ್ಕೊಳ್ಳಿ. ಮಾಲಿನ ಜೊತೆ ಬಿಲ್ ಹೋಗುತ್ತೆ. ಆ ಬಿಲ್‌ಗೆ ದುಡ್ಡು ಬರೋಕೆ ಮುಂಚೆ ಮೂರು ಕಾಗದ ಒಂದಕ್ಕೊಂದು ತಾಳೆ ಆಗ್ಬೇಕು. ಕಂಪನಿ ಕೊಟ್ಟ ಪರ್ಚೇಸ್ ಆರ್ಡರ್, ಗೋಡೌನ್‌ನವರು ಮಾಲು ಎಣಿಸಿ ಬರೆದ ರಸೀದಿ, ವರ್ಕ್‌ಶಾಪ್ ಕಳಿಸಿದ ಬಿಲ್. ಆರ್ಡರ್ 500 ಪೀಸು, ಬಂದಿದ್ದು 480, ಬಿಲ್ 500ಕ್ಕೆ ಅಂದ್ರೆ ಅಲ್ಲೇ ನಿಲ್ಲುತ್ತೆ.

ಇದರಲ್ಲಿ ಎಐ ಮಾಡೋ ಕೆಲಸ ಓದೋದು. ವಾರ್ಷಿಕ ವಹಿವಾಟು ₹5 ಕೋಟಿ ದಾಟಿದವರು 2023ರ ಆಗಸ್ಟ್‌ನಿಂದ ಬೇರೆ ವ್ಯಾಪಾರಿಗಳಿಗೆ ಇ-ಇನ್‌ವಾಯ್ಸ್ ಕೊಡಲೇಬೇಕು. ಅದರಲ್ಲಿ ಕ್ಯೂಆರ್ ಕೋಡ್ ಇರುತ್ತೆ, ಸಾಮಾನ್ಯ ಸಾಫ್ಟ್‌ವೇರ್ ಸಾಕು, ಎಐ ಬೇಕಿಲ್ಲ. ತೊಂದರೆ ಇರೋದು ಸಣ್ಣವರ ಬಿಲ್‌ಗಳಲ್ಲಿ. ಮಸುಕಾದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟು, ವಾಟ್ಸಾಪ್‌ನಲ್ಲಿ ಬಂದ ಫೋಟೋ, ಸೀಲಿನ ಕೆಳಗೆ ಮುಚ್ಚಿಹೋದ ನಂಬರ್. ಇದನ್ನ ಓದಿ ಜಿಎಸ್‌ಟಿ ನಂಬರ್, ಮೊತ್ತ, ತಾರೀಕು ಎತ್ತಿಕೊಡೋದರಲ್ಲಿ ಈಗಿನ ಎಐ ನಿಜಕ್ಕೂ ಚೆನ್ನಾಗಿದೆ. ಓದಿದ ಜೊತೆಗೆ ಪ್ರತಿ ಬಿಲ್‌ಗೂ "ನಂಗೆ ಇಷ್ಟು ಖಾತ್ರಿ ಇದೆ" ಅಂತ ಒಂದು ಅಂಕ ಕೊಡೋ ಹಾಗೆ ಮಾಡಬಹುದು. ಅಂಕ ಕಮ್ಮಿ ಬಂದ ಬಿಲ್ ಮನುಷ್ಯರ ಕೈಗೆ ಬರುತ್ತೆ, ಉಳಿದವು ಸೀದಾ ಮುಂದೆ ಹೋಗುತ್ತವೆ.

ಪಿಪಿಟಿ ಲೆಕ್ಕ, ಟೇಬಲ್ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಅಂಕಿ ಎಲ್ಲ ಉದಾಹರಣೆಗೆ ಮಾತ್ರ.

ಕಂಪನಿಗೆ ತಿಂಗಳಿಗೆ 1 ಲಕ್ಷ ಬಿಲ್ ಬರುತ್ತೆ. ಒಂದು ಬಿಲ್‌ಗೆ ಸರಾಸರಿ 3 ನಿಮಿಷ. ಒಟ್ಟು 5,000 ಗಂಟೆ. ಒಬ್ಬರು ತಿಂಗಳಿಗೆ 160 ಗಂಟೆ ಕೆಲಸ ಮಾಡಿದ್ರೆ 31 ಜನ ಬೇಕು. ಎಐ ಬಂದ ಮೇಲೆ 80,000 ಬಿಲ್ ತಾನಾಗೇ ಹೋಗುತ್ತೆ, 20,000 ಮಾತ್ರ ಮನುಷ್ಯರಿಗೆ ಉಳಿಯುತ್ತೆ. ಮೀಟಿಂಗ್ ರೂಮಿನ ಪಿಪಿಟಿಲಿ ಏನು ಬರುತ್ತೆ? 20,000 ಗುಣಿಸು 3 ನಿಮಿಷ, ಅಂದ್ರೆ 1,000 ಗಂಟೆ, ಅಂದ್ರೆ 6 ಜನ ಸಾಕು. ಚಪ್ಪಾಳೆ.

ಆದರೆ ಆ 3 ನಿಮಿಷ ಬರೀ ಸರಾಸರಿ. ಸುಲಭದ ಬಿಲ್‌ಗೆ ಮೊದಲಿಂದಲೂ ಒಂದೂಕಾಲು ನಿಮಿಷ ಸಾಕಾಗ್ತಿತ್ತು, ಕಷ್ಟದ ಬಿಲ್‌ಗೆ 10 ನಿಮಿಷ ಹಿಡೀತಿತ್ತು. ಗೋಡೌನ್‌ಗೆ ಫೋನ್ ಮಾಡ್ಬೇಕು, ವರ್ಕ್‌ಶಾಪ್‌ನವರನ್ನ ಕೇಳ್ಬೇಕು, ಹಳೇ ಇಮೇಲ್ ಹುಡುಕ್ಬೇಕು. ಎಐ ತಗೊಂಡಿದ್ದು ಸುಲಭದ್ದನ್ನ, ಉಳಿಸಿದ್ದು ಕಷ್ಟದ್ದನ್ನ. 20,000 ಬಿಲ್‌ಗೆ ತಲಾ 10 ನಿಮಿಷ ಅಂದ್ರೆ 3,333 ಗಂಟೆ. ಬೇಕಾಗೋದು 21 ಜನ. ಉಳಿತಾಯ ಇದೆ, ಮೂರರಲ್ಲಿ ಒಂದು ಪಾಲು. ಆದರೆ 6 ಜನ ಸಾಕು ಅಂತ ನಂಬಿ 25 ಜನರನ್ನ ಕಳಿಸಿಬಿಟ್ಟರೆ ಉಳಿದ ಬಿಲ್‌ಗಳು ಕ್ಯೂನಲ್ಲಿ ಕೊಳೆಯೋಕೆ ಶುರು ಆಗುತ್ತವೆ.

ಆ ಕ್ಯೂನಲ್ಲಿ ಕೊಳೆಯೋದು ಯಾರ ಬಿಲ್? ಮಸುಕಾದ ಪ್ರಿಂಟಿನ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿಂದು. ಎಂಎಸ್‌ಎಂಇ ಕಾನೂನಿನ ಪ್ರಕಾರ ಸಣ್ಣ ಉದ್ದಿಮೆಗೆ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡ ಮಾಡಿದ್ರೆ ಕೊಳ್ಳೋ ಕಂಪನಿ ಆ ಖರ್ಚನ್ನ ದುಡ್ಡು ಕೊಡೋವರೆಗೂ ತೆರಿಗೆ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ ಅನ್ನೋ ನಿಯಮ 2023ರಲ್ಲಿ ಆದಾಯ ತೆರಿಗೆ ಕಾನೂನಿಗೂ ಸೇರಿತು. ಹಾಗಾಗಿ ಈ ನಷ್ಟ ಎರಡೂ ಕಡೆ. ಆದರೆ ಶನಿವಾರ ಹುಡುಗರಿಗೆ ಬಟವಾಡೆ ಕೊಡಬೇಕಾದ ವರ್ಕ್‌ಶಾಪ್ ಓನರ್‌ಗೆ ಮೊದಲು ಬಿಸಿ ತಟ್ಟುತ್ತೆ.

ಇನ್ನೊಂದು ಅಪಾಯ ಸೀದಾ ಹೋದ 80,000 ಬಿಲ್‌ಗಳಲ್ಲಿ ಇದೆ. ಖಾತ್ರಿ ಅಂಕ ಜಾಸ್ತಿ ಇದ್ದ ಮಾತ್ರಕ್ಕೆ ಬಿಲ್ ಸರಿ ಅಂತಲ್ಲ. ಎಐ ತಪ್ಪು ಓದಿದಾಗಲೂ ಅಷ್ಟೇ ಧೈರ್ಯದಿಂದ ಓದಿರಬಹುದು. ಅದಕ್ಕೇ ಅನುಭವ ಇರೋ ಕಂಪನಿಗಳು ಸೀದಾ ಹೋದ ಬಿಲ್‌ಗಳಿಂದಲೂ ಒಂದಿಷ್ಟನ್ನ ಎತ್ತಿ ಮತ್ತೆ ಪರೀಕ್ಷೆ ಮಾಡಿಸ್ತಾವೆ. ಅಕ್ಕಿ ಮೂಟೆಗೆ ಕೊಕ್ಕೆ ಚುಚ್ಚಿ ಸ್ಯಾಂಪಲ್ ನೋಡ್ತಾರಲ್ಲ, ಹಾಗೆ.

ಮೇಕರ್–ಚೆಕರ್: ಬ್ಯಾಂಕಿನ ಹಳೇ ಪಾಠ

ದೊಡ್ಡ ಸಂಸ್ಥೆಗೆ ಹೊಸ ಯಂತ್ರ ಬಂದು "ಎಲ್ಲರ ಕೆಲಸ ಹೋಯ್ತು" ಅನ್ನೋ ಭಯ ಹುಟ್ಟಿದ್ದು ಇದೇ ಮೊದಲಲ್ಲ. ನಮ್ಮ ಬ್ಯಾಂಕ್‌ಗಳನ್ನೇ ನೋಡಿ. ಕಂಪ್ಯೂಟರ್ ಬೇಡ ಅಂತ ಬ್ಯಾಂಕ್ ನೌಕರರ ಸಂಘಗಳು ವರ್ಷಗಟ್ಟಲೆ ಹೋರಾಡಿದ್ದವು. 1983ರಲ್ಲಿ ಸಂಘಗಳಿಗೂ ಬ್ಯಾಂಕ್ ಆಡಳಿತಕ್ಕೂ ಒಪ್ಪಂದ ಆಯ್ತು. ಎಲ್ಲಿ, ಎಷ್ಟು ಯಂತ್ರ ಇಡಬಹುದು ಅನ್ನೋದೂ ಅದರಲ್ಲಿ ಸೇರಿತ್ತು. 1984ರಲ್ಲಿ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ ಬ್ಯಾಂಕ್ ಗಣಕೀಕರಣಕ್ಕೆ ದಾರಿ ಹಾಕಿಕೊಡ್ತು. ಮುಂದೆ 1999ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನಿಂದಲೇ ಫಿನಾಕಲ್ ಬಂತು. ಇವತ್ತು ಎಷ್ಟೋ ಬ್ಯಾಂಕ್‌ಗಳ ಒಳಗೆ ಓಡ್ತಿರೋದು ಅದೇ.

ಇಷ್ಟೆಲ್ಲ ಬದಲಾದರೂ ಒಂದು ನಿಯಮ ಮಾತ್ರ ಬದಲಾಗಲಿಲ್ಲ. ಲೆಡ್ಜರ್ ಕಾಲದಲ್ಲಿ ಕ್ಲರ್ಕ್ ಬರೀತಿದ್ದರು, ಆಫೀಸರ್ ನೋಡಿ ಇನಿಶಿಯಲ್ ಹಾಕ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಬ್ಬರ ಲಾಗಿನ್‌ನಿಂದ ಎಂಟ್ರಿ, ಇನ್ನೊಬ್ಬರ ಲಾಗಿನ್‌ನಿಂದ ಒಪ್ಪಿಗೆ. ಇದಕ್ಕೆ ಮೇಕರ್–ಚೆಕರ್ ಅಂತಾರೆ. ಬರೆದವರೇ ಪಾಸ್ ಮಾಡೋ ಹಾಗಿಲ್ಲ, ಪಾಸ್ ಮಾಡಿದವರು ಆಮೇಲೆ "ನಂಗೊತ್ತಿಲ್ಲ" ಅನ್ನೋ ಹಾಗಿಲ್ಲ.

ಎಐ ವಿಷಯದಲ್ಲಿ ನನ್ನ ಒಟ್ಟು ವಾದ ಇಷ್ಟೇ: ಎಐ ಮೇಕರ್ ಆಗಬಹುದು, ಚೆಕರ್ ಆಗಲ್ಲ. ಯಾಕಂದ್ರೆ ಚೆಕರ್ ಕೆಲಸ ಬರೀ ನೋಡೋದಲ್ಲ, ಹೊಣೆ ಹೊರೋದು.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಏರ್ ಕೆನಡಾ ವೆಬ್‌ಸೈಟಿನ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ ರಿಯಾಯಿತಿ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಹೊಣೆ ಅಲ್ಲ ಅನ್ನೋ ಕಂಪನಿಯ ವಾದವನ್ನ 2024ರ ಫೆಬ್ರವರಿಯಲ್ಲಿ ಕೆನಡಾದ ಒಂದು ನ್ಯಾಯಮಂಡಳಿ ಒಪ್ಪಲಿಲ್ಲ, ಪರಿಹಾರ ಕೊಡಿಸಿತು. ಬಿ.ಕಾಂ ಓದೋರ ಕನಸಿನ ಬಿಗ್ ಫೋರ್ ಕಂಪನಿಗಳಲ್ಲಿ ಒಂದಾದ ಡೆಲಾಯ್ಟ್ ಆಸ್ಟ್ರೇಲಿಯಾ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇಲ್ಲದ ಲೇಖನಗಳ ಉಲ್ಲೇಖ ಸಿಕ್ಕಿತು, ತಯಾರಿಯಲ್ಲಿ ಎಐ ಬಳಸಿದ್ದೂ ಹೊರಬಂತು. 2025ರಲ್ಲಿ ಅದು ಶುಲ್ಕದ ಒಂದು ಭಾಗ ವಾಪಸ್ ಕೊಡಬೇಕಾಯ್ತು. ಎಐ ಬರೆಯಿತು ಅನ್ನೋದಕ್ಕಿಂತ ಯಾರೂ ಸರಿಯಾಗಿ ಚೆಕ್ ಮಾಡಲಿಲ್ಲ ಅನ್ನೋದೇ ಅಲ್ಲಿ ಮುಖ್ಯ.

ನಮ್ಮಲ್ಲೂ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಸಮಿತಿ 2025ರ ಆಗಸ್ಟ್‌ನಲ್ಲಿ ಹಣಕಾಸು ಸಂಸ್ಥೆಗಳ ಎಐ ಬಳಕೆ ಬಗ್ಗೆ ವರದಿ ಕೊಡ್ತು. ಅದರ ಏಳು ಸೂತ್ರಗಳಲ್ಲಿ ಹೊಣೆಗಾರಿಕೆ ಒಂದು, ಜನರೇ ಮೊದಲು ಅನ್ನೋದು ಇನ್ನೊಂದು. ಸಮೀಕ್ಷೆ ಮಾಡಿದ 612 ಸಂಸ್ಥೆಗಳಲ್ಲಿ ಎಐ ಬಳಸ್ತಿದ್ದವು ಅಥವಾ ತಯಾರಿಸ್ತಿದ್ದವು ಐದರಲ್ಲಿ ಒಂದರಷ್ಟು ಮಾತ್ರ. ರೀಲ್ಸ್ ನೋಡಿದ್ರೆ ಎಲ್ಲರೂ ಮುಂದೆ ಹೋಗಿದಾರೆ ಅನ್ನಿಸುತ್ತೆ, ಲೆಕ್ಕ ಬೇರೆನೇ ಹೇಳುತ್ತೆ.

ಹಾಗಾದ್ರೆ ಭಯ ಬೇಡ್ವಾ?

ಬೇಕು, ಆದರೆ ಸರಿಯಾದ ಕಡೆ ಇರಬೇಕು. ಇಲ್ಲಿದೆ ನಿಜವಾದ ಸಮಸ್ಯೆ: ಒಳ್ಳೇ ಚೆಕರ್ ಆಗೋದು ಹೇಗೆ? ಮೊದಲು ಮೇಕರ್ ಆಗಿದ್ದರೆ ಮಾತ್ರ. ಸಾವಿರಾರು ಬಿಲ್ ಎಂಟ್ರಿ ಮಾಡಿದ ಮೇಲೆ ಒಂದು ದಿನ ಬಿಲ್ ನೋಡಿದ ತಕ್ಷಣ "ಇದರಲ್ಲಿ ಏನೋ ಸರಿ ಇಲ್ಲ" ಅನ್ನಿಸುತ್ತೆ. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ ಶುರು ಆಗ್ಬೇಕು, ಇದು 33 ಅಂತಿದೆಯಲ್ಲ, ತಮಿಳುನಾಡಿನದು, ಆದರೆ ವಿಳಾಸ ರಾಜಾಜಿನಗರ! ಈ ಕಣ್ಣು ಪುಸ್ತಕದಿಂದ ಬರಲ್ಲ, ಕೂತು ಮಾಡಿದ ಬೋರಿಂಗ್ ಕೆಲಸದಿಂದ ಬರುತ್ತೆ. ಎಐ ಕಿತ್ಕೊಳ್ತಿರೋದು ಅದೇ ಬೋರಿಂಗ್ ಕೆಲಸವನ್ನ. ಏಣಿಯ ಮೊದಲ ಮೆಟ್ಟಿಲು ತೆಗೆದು, ಮೇಲಿನ ಮೆಟ್ಟಿಲಿಗೆ ಜನ ಬೇಕು ಅಂದ್ರೆ ಎಲ್ಲಿಂದ ಬರ್ತಾರೆ?

ಇದಕ್ಕೆ ಪುರಾವೆ ಸಿಗೋಕೆ ಶುರುವಾಗಿದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2025ರಲ್ಲಿ ಅಮೆರಿಕದ ಸಂಬಳ ಪಾವತಿಯ ದಾಖಲೆ ನೋಡಿದ್ರು. ಎಐ ಹೆಚ್ಚು ಮುಟ್ಟಿದ ಕೆಲಸಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ, ಉಳಿದವರಿಗೆ ಹೋಲಿಸಿದ್ರೆ 13% ಇಳಿದಿತ್ತು. ಅದೇ ಕೆಲಸದ ಅನುಭವಿಗಳಿಗೆ ಅಂಥ ಇಳಿಕೆ ಕಾಣಲಿಲ್ಲ. ನಮ್ಮಲ್ಲಿ ಇನ್ಫೋಸಿಸ್‌ನ ಒಟ್ಟು ನೌಕರರು 2023-24ರಲ್ಲಿ 25,994ರಷ್ಟು ಕಮ್ಮಿ ಆದ್ರು. ಅದಕ್ಕೆ ಎಐ ಕಾರಣ ಅಂತ ಹೇಳೋಕಾಗಲ್ಲ. ಕೋವಿಡ್ ಸಮಯದಲ್ಲಿ ಐಟಿ ಕಂಪನಿಗಳು ಭರ್ಜರಿಯಾಗಿ ಜನ ತಗೊಂಡಿದ್ದವು, ಆಮೇಲೆ ಹೊರದೇಶದ ಗ್ರಾಹಕರು ಕೈ ಬಿಗಿ ಹಿಡಿದರು. ಆದರೆ ಹೊಸಬರನ್ನ ಸಾವಿರಗಟ್ಟಲೆ ತಗೊಂಡು, ಕಲಿಸಿ, ಬೆಳೆಸೋ ಆ ಹಳೇ ಪದ್ಧತಿ ಮೊದಲಿನಷ್ಟು ಗಟ್ಟಿ ಇಲ್ಲ ಅನ್ನೋದು ಕೆಂಗೇರಿ ಕಡೆಯ ಯಾವ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಕೇಳಿದ್ರೂ ಹೇಳ್ತಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಸುಮಾರು 5,000 ಕಸ್ಟಮರ್ ಸಪೋರ್ಟ್ ನೌಕರರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಐ ಜನರ ಬದಲಿಗೆ ಬರಲಿಲ್ಲ, ಪಕ್ಕದಲ್ಲಿ ಕೂತು ಸಲಹೆ ಕೊಡ್ತಿತ್ತು. ಒಟ್ಟಾರೆ ಕೆಲಸದ ವೇಗ 14% ಹೆಚ್ಚಿತು, ಹೊಸಬರದ್ದು 34%. ಹಳಬರ ಅನುಭವ ಎಐ ಮೂಲಕ ಹೊಸಬರಿಗೆ ಬೇಗ ದಾಟಿತು ಅನ್ನೋದು ಸಂಶೋಧಕರ ವಿವರಣೆ.

ಒಂದೇ ತಂತ್ರಜ್ಞಾನ, ಎರಡು ದಾರಿ. ಹೊಸಬರನ್ನ ತೆಗೆಯೋಕೂ ಬಳಸಬಹುದು, ಹೊಸಬರಿಗೆ ಬೇಗ ಕಲಿಸೋಕೂ ಬಳಸಬಹುದು. ಯಾವ ದಾರಿ ಅಂತ ನಿರ್ಧಾರ ಮಾಡೋದು ಎಐ ಅಲ್ಲ, ಕಂಪನಿ. ಬ್ಯಾಂಕ್ ನೌಕರರಿಗೆ ಮೇಜಿನ ಆಚೆ ಕೂತು ಮಾತಾಡೋಕೆ ಸಂಘ ಇತ್ತು. ಮೊದಲ ಕೆಲಸ ಹುಡುಕ್ತಿರೋ ಹುಡುಗಿಗೆ ಯಾರಿದಾರೆ?

ನೀವು ಏನು ಮಾಡಬಹುದು

ಆ ವಾಯ್ಸ್ ನೋಟ್‌ಗೆ ನನ್ನ ಉತ್ತರ ಇದು. ಟ್ಯಾಲಿ, ಎಕ್ಸೆಲ್ ಕಲೀರಿ, ಆದರೆ ಬಟನ್ ಒತ್ತೋಕೆ ಅಲ್ಲ, ತಪ್ಪು ಹಿಡಿಯೋಕೆ. ಎಐ ಕೈಲಿ ಒಂದು ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿಸಿ, ಅದನ್ನ ಕೈಯಾರೆ ಮಾಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎಲ್ಲಿ ತಪ್ಪಾಯ್ತು, ಯಾಕೆ ಆಯ್ತು ಅಂತ ನೋಟ್‌ಬುಕ್‌ನಲ್ಲಿ ಬರ್ಕೊಳ್ಳಿ. ಆ ನೋಟ್‌ಬುಕ್ ಇಂಟರ್‌ವ್ಯೂನಲ್ಲಿ ಸರ್ಟಿಫಿಕೇಟ್‌ಗಿಂತ ಚೆನ್ನಾಗಿ ಮಾತಾಡುತ್ತೆ. ಅಭ್ಯಾಸಕ್ಕೆ ಮಾತ್ರ ಬೇರೆಯವರ ನಿಜವಾದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಐಗೆ ಹಾಕಬೇಡಿ. ವೈಯಕ್ತಿಕ ಮಾಹಿತಿಯನ್ನ ಸರಿಯಾಗಿ ಕಾಪಾಡದ ಸಂಸ್ಥೆಗೆ 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ₹250 ಕೋಟಿವರೆಗೂ ದಂಡ ಇದೆ. ಆ ಶಿಸ್ತು ಈಗಲೇ ರೂಢಿ ಆಗಲಿ.

ಮತ್ತೆ, ಕೆಲಸಕ್ಕೆ ಹೋದ ಕಡೆ ಮೂರು ಪ್ರಶ್ನೆ ಕೇಳಿ. ಎಐ ಮಾಡಿದ ಕೆಲಸಕ್ಕೆ ಇಲ್ಲಿ ಕೊನೆಗೆ ಯಾರ ಒಪ್ಪಿಗೆ ಬೇಕು? ಅದು ತಪ್ಪಿದಾಗ ಯಾರಿಗೆ ಹೇಳಬೇಕು? ಹೊಸಬರಿಗೆ ಮೊದಲ ಆರು ತಿಂಗಳು ಕೈಯಾರೆ ಮಾಡೋ ಕೆಲಸ ಸಿಗುತ್ತಾ? ಮೂರಕ್ಕೂ ಉತ್ತರ ಇರೋ ಕಂಪನಿ ಎಐಯನ್ನ ಯೋಚನೆ ಮಾಡಿ ತಂದಿದೆ ಅಂತ ಅರ್ಥ. ಉತ್ತರ ಇಲ್ಲದ ಕಡೆ ಏನಾದ್ರೂ ತಪ್ಪಾದ ದಿನ ಅದು ಚೆಕರ್ ಕುರ್ಚಿಲಿ ಕೂತಿರೋ ಅತಿ ಹೊಸಬರ ತಲೆ ಮೇಲೆ ಬೀಳೋ ಸಾಧ್ಯತೆ ಜಾಸ್ತಿ.

ನಿಮ್ಮ ಆಫೀಸಿಗೆ ಎಐ ಬಂದಿದ್ದರೆ, ನಿಮ್ಮ ಟೇಬಲ್‌ನಲ್ಲಿ ಏನು ಬದಲಾಯ್ತು ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಕಂಪನಿ ಹೆಸರು ಬೇಡ, ಕೆಲಸದ ವಿವರ ಸಾಕು. ಮುಂದಿನ ವಾರ ಸಿಗೋಣ.