ಯಂತ್ರ ತಪ್ಪಿದರೆ ಹೊಣೆ ಯಾರದು?

ವೈದ್ಯರು ರೋಗಿಯ ನಾಡಿ ಹಿಡಿದ ಕ್ಷಣದಲ್ಲಿಯೇ ಇಬ್ಬರ ನಡುವೆ ನಂಬಿಕೆಯ ಒಂದು ಒಪ್ಪಂದ ಏರ್ಪಡುತ್ತದೆ. ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುವುದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲೆ ಆ ನಂಬಿಕೆಗೆ ಕಾನೂನಿನ ಬಲವೂ ಹೆಚ್ಚಿತು. ಈಗ ಈ ಇಬ್ಬರ ನಡುವೆ ಮೂರನೆಯದೊಂದು ಬಂದು ಕುಳಿತಿದೆ. ಅದೇ ಕೃತಕ ಬುದ್ಧಿಮತ್ತೆ.

ಅಸಂಖ್ಯ ರೋಗಿಗಳ ಚಿತ್ರ ಹಾಗೂ ದಾಖಲೆಗಳಿಂದ ಕಲಿತು, ಹೊಸ ರೋಗಿಯ ವಿಷಯದಲ್ಲಿ ಊಹೆ ಹೇಳುವುದು ಈ ಯಂತ್ರದ ಕೆಲಸ. ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಎದೆಯ ಎಕ್ಸ್-ರೇಯಲ್ಲಿ ಕ್ಷಯದ ಗುರುತು ಹುಡುಕಲು ಇಂತಹ ಯಂತ್ರಗಳನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಸಲಹೆಯಿತ್ತಿದೆ.

ಆದರೆ ಕಲಿಸಿದ ಪಾಠದಲ್ಲಿಯೇ ದೋಷವಿದ್ದರೆ? ಅಮೆರಿಕದ ಆಸ್ಪತ್ರೆಗಳಲ್ಲಿ ವಿಶೇಷ ಆರೈಕೆಗೆ ರೋಗಿಗಳನ್ನು ಆರಿಸುತ್ತಿದ್ದ ಒಂದು ಗಣಕ ವ್ಯವಸ್ಥೆಯನ್ನು ವಿಜ್ಞಾನಿಗಳು ಪರೀಕ್ಷಿಸಿ, 2019ರಲ್ಲಿ ವರದಿ ಪ್ರಕಟಿಸಿದರು. ಯಾರ ಚಿಕಿತ್ಸೆಗೆ ಹೆಚ್ಚು ಹಣ ವೆಚ್ಚವಾಗುವುದೋ ಅವರಿಗೇ ಆರೈಕೆಯ ಅಗತ್ಯ ಹೆಚ್ಚೆಂದು ಅದು ಎಣಿಸುತ್ತಿತ್ತು. ಕರಿಯ ಜನಾಂಗದವರಿಗೆ ಚಿಕಿತ್ಸೆಯ ಸೌಲಭ್ಯವೇ ಕಡಿಮೆ ದೊರೆಯುತ್ತಿದ್ದುದರಿಂದ ಅವರ ವೆಚ್ಚವೂ ಕಡಿಮೆ. ಹೀಗಾಗಿ ಹೆಚ್ಚು ಕಾಯಿಲೆಯಿದ್ದರೂ ಅವರು ಹಿಂದೆ ಬಿದ್ದರು. ದೋಷ ತಿದ್ದಿದರೆ ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುವುದೆಂದು ಲೆಕ್ಕದಿಂದ ತಿಳಿದುಬಂತು. ಸಮಾಜದ ಹಳೆಯ ಅನ್ಯಾಯವು ಯಂತ್ರದೊಳಗೆ ಅಂಕಿಯಾಗಿ ಅಡಗಿ ಕುಳಿತಿತ್ತು.

ಇಂತಹ ತಪ್ಪಿಗೆ ಉತ್ತರ ಕೊಡಬೇಕಾದವರು ಯಾರು? ಯಂತ್ರ ರಚಿಸಿದವರೆ, ಕೊಂಡ ಆಸ್ಪತ್ರೆಯೆ, ಅದರ ಮಾತು ನಂಬಿದ ವೈದ್ಯರೆ? ಯಂತ್ರವನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಲು ಬಾರದು. ಆದುದರಿಂದಲೇ ಭಾರತದ 2020ರ ದೂರವೈದ್ಯಕೀಯ ಮಾರ್ಗಸೂಚಿಯು ಒಂದು ಗೆರೆ ಎಳೆದಿದೆ: ಕೃತಕ ಬುದ್ಧಿಮತ್ತೆಯು ವೈದ್ಯರಿಗೆ ನೆರವಾಗಬಹುದು, ರೋಗಿಗೆ ತಾನೇ ಸಲಹೆ ನೀಡಕೂಡದು, ಔಷಧ ಬರೆಯಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ 2023ರಲ್ಲಿ ಈ ಕ್ಷೇತ್ರಕ್ಕೆ ನೈತಿಕ ಮಾರ್ಗಸೂಚಿ ಹೊರಡಿಸಿತು.

ಹೊರನಾಡಿನಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಊರಿನಲ್ಲಿರುವ ತಂದೆಯ ರಕ್ತಪರೀಕ್ಷೆಯ ವರದಿ ಮುಂಬಯಿಯ ಮಗನ ಮೊಬೈಲಿಗೆ ಬರುತ್ತದೆ. ವೈದ್ಯರಿಗಿಂತ ಮೊದಲು ಯಂತ್ರವನ್ನು ಕೇಳುವ ಆಸೆ ಸಹಜವೇ. ಕೇಳಲಿ, ಆದರೆ ತಂದೆಯ ಹೆಸರು, ವಿಳಾಸಗಳನ್ನು ಅದಕ್ಕೆ ಒಪ್ಪಿಸದಿರಲಿ. ಅದು ಹೇಳಿತೆಂದು ಮಾತ್ರೆ ಬದಲಿಸುವುದಾಗಲಿ, ನಿಲ್ಲಿಸುವುದಾಗಲಿ ಬೇಡ. ಔಷಧ ಚೀಟಿಯ ಕೆಳಗೆ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳುವುದು ಲೇಸು. ನಾಳೆ ಪ್ರಶ್ನೆ ಎದ್ದರೆ ಉತ್ತರಿಸಬೇಕಾದವರು ಆ ಸಹಿ ಹಾಕಿದವರು.